ಮೂರು ತಗ್ಗು, ಮೂರು ಕಾರಣ: ಒಂದು ಕಪ್ಪು ಮೋಡದ ಸಿಓ ವೀಕ್ಷಣೆ

ಇದು ನಕ್ಷತ್ರಗಳ ನಡುವೆ ಇರುವ ಒಂದು ಪುಟ್ಟ ಕಪ್ಪು ಮೋಡದ ಪ್ರಕರಣ. ಮೋಡದ ಹೆಸರು, ಟೆಲಿಸ್ಕೋಪಿನ ಹೆಸರು, ತಂಡದವರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಯಾರ ಗುರುತೂ ಸಿಗಬಾರದು ಎಂದು, ಇಂಥ ವೀಕ್ಷಣೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಮೋಡದ ಸುತ್ತ ಜೋಡಿಸಿದ್ದೇನೆ. ಭೌತಶಾಸ್ತ್ರದ ಅಂಕಿಗಳು ಮಾತ್ರ ಇದ್ದ ಹಾಗೇ ಇವೆ.

ಮೋಡದಿಂದ ಬಂದ ಕಾರ್ಬನ್ ಮಾನಾಕ್ಸೈಡ್ (ಸಿಓ) ಸಿಗ್ನಲ್‌ನಲ್ಲಿ ಮೂರು ಕಡೆ ತಗ್ಗು ಕಂಡಿತು. ಹೊಳಪು ಇರಬೇಕಾದ ಕಡೆ ಹೊಳಪಿಲ್ಲ. ಮೊದಲು ಕಂಡ ತಗ್ಗಿಗೆ ತಂಡ ಒಂದು ಸೊಗಸಾದ ಕಥೆ ಕಟ್ಟಿತು. ಉಳಿದವು ಕಾಣಿಸಿದಾಗ ಅವನ್ನೂ ಅದೇ ಕಥೆಗೆ ಹೊಂದಿಸಬಹುದು ಅನಿಸಿತು. ಹೊಂದಿಸಲೂಬಹುದಿತ್ತು. ಈ ಪ್ರಕರಣ ಬರೆಯಲು ಅದೇ ಕಾರಣ.

ಹಿನ್ನೆಲೆ

ನಕ್ಷತ್ರಗಳ ನಡುವಿನ ದೂಳು ಮೋಡ ಎನ್ನುತ್ತೇವೆ, ಆದರೆ ಅದರ ತೂಕದಲ್ಲಿ ದೂಳಿನ ಪಾಲು ಹೆಚ್ಚು ಕಡಿಮೆ 100ಕ್ಕೆ 1. ಉಳಿದದ್ದೆಲ್ಲ ಅನಿಲ, ಅದರಲ್ಲೂ ಬಹುಪಾಲು ಹೈಡ್ರೋಜನ್ ಅಣು. ಮೋಡದ ಒಳಗೆ ತಾಪ ಸುಮಾರು 10 ಕೆಲ್ವಿನ್, ಅಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ 263 ಡಿಗ್ರಿ ಕೆಳಗೆ. ಆ ಚಳಿಯಲ್ಲಿ ಹೈಡ್ರೋಜನ್ ಅಣು ಬಾಯಿ ಬಿಡುವುದಿಲ್ಲ. ಎರಡು ಬದಿಯಲ್ಲೂ ಒಂದೇ ಬಗೆಯ ಪರಮಾಣು ಇರುವುದರಿಂದ ಅದಕ್ಕೆ ವಿದ್ಯುತ್ ದ್ವಿಧ್ರುವ (ಒಂದು ಬದಿ ಧನ, ಇನ್ನೊಂದು ಬದಿ ಋಣ ಎಂಬ ಭೇದ) ಇಲ್ಲ. ಅದು ತಿರುಗುತ್ತಾ ಹೊರಸೂಸುವ ಅತಿ ಸುಲಭದ ಗೆರೆಗೂ (ಗೆರೆ ಎಂದರೆ ಒಂದು ನಿಗದಿತ ಫ್ರೀಕ್ವೆನ್ಸಿಯಲ್ಲಿ ಹೊರಡುವ ಬೆಳಕು) 510 ಕೆಲ್ವಿನ್‌ಗೆ ಸಮನಾದ ಶಕ್ತಿ ಬೇಕು. 10 ಕೆಲ್ವಿನ್ ಮೋಡದಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬರಬೇಕು?

ಅದಕ್ಕೇ ಸಿಓ ಬೇಕಾಗುತ್ತದೆ. ಸುಮಾರು 10 ಸಾವಿರ ಹೈಡ್ರೋಜನ್ ಅಣುಗಳಿಗೆ 1 ಸಿಓ ಅಣು ಇರುತ್ತದೆ. ಅದನ್ನು ತಿರುಗಿಸಲು ಬೇಕಾದ ಶಕ್ತಿ ಬರೀ 5.5 ಕೆಲ್ವಿನ್‌ನಷ್ಟು. ಆ ತಿರುಗಾಟ ನಿಂತಾಗ 115.271 ಗಿಗಾಹರ್ಟ್ಸ್‌ನಲ್ಲಿ, ಅಂದರೆ 2.6 ಮಿಲಿಮೀಟರ್ ತರಂಗದಲ್ಲಿ ಗೆರೆ ಹೊರಡುತ್ತದೆ. 1970ರಲ್ಲಿ ರಾಬರ್ಟ್ ವಿಲ್ಸನ್, ಕೀತ್ ಜೆಫರ್ಟ್ಸ್, ಆರ್ನೋ ಪೆಂಜಿಯಾಸ್ ಮೂವರೂ ಅಮೆರಿಕದ ಕಿಟ್ ಪೀಕ್‌ನಲ್ಲಿದ್ದ 36 ಅಡಿ ಟೆಲಿಸ್ಕೋಪಿನಿಂದ ಒರಾಯನ್ ನೀಹಾರಿಕೆಯಲ್ಲಿ ಈ ಗೆರೆಯನ್ನು ಮೊದಲು ಹಿಡಿದರು. ಆಮೇಲೆ ಅಣು ಮೋಡಗಳ ನಕ್ಷೆ ಎಂದರೆ ಸಿಓ ನಕ್ಷೆ ಎಂಬಂತಾಯಿತು.

ನಮ್ಮ ಪ್ರಕರಣದ ಮೋಡ ಕೆಲವು ನೂರು ಜ್ಯೋತಿರ್ವರ್ಷ ದೂರದಲ್ಲಿದೆ. ಫೋಟೋದಲ್ಲಿ ನೋಡಿದರೆ ನಕ್ಷತ್ರಗಳೇ ಇಲ್ಲದ ಒಂದು ಉದ್ದನೆ ಕಲೆ. ಒಳಗೆ ಇನ್ನೂ ನಕ್ಷತ್ರ ಹುಟ್ಟಿಲ್ಲ. ಅದರ ದೂಳಿನ ನಕ್ಷೆ ಎರಡು ದಾರಿಯಿಂದ ಮೊದಲೇ ಸಿಕ್ಕಿತ್ತು. ಒಂದು, ಹರ್ಷೆಲ್ ಬಾಹ್ಯಾಕಾಶ ಟೆಲಿಸ್ಕೋಪ್ ಕಂಡ ದೂಳಿನ ಹೊಳಪು. ಇನ್ನೊಂದು, ಮೋಡದ ಹಿಂದಿನ ನಕ್ಷತ್ರಗಳು ಎಷ್ಟು ಕೆಂಪಾಗಿ ಕಾಣುತ್ತವೆ ಎಂಬ ಲೆಕ್ಕ. ಎರಡೂ ನಕ್ಷೆಗಳು ಒಂದೇ ಜಾಗದಲ್ಲಿ ದಟ್ಟ ನಡುಭಾಗ ತೋರಿಸುತ್ತಿದ್ದವು. ತಂಡಕ್ಕೆ ಬೇಕಾಗಿದ್ದದ್ದು ಚಲನೆಯ ವಿವರ: ಅನಿಲ ಎತ್ತ ಸಾಗುತ್ತಿದೆ, ಮೋಡ ಕುಸಿಯುತ್ತಿದೆಯೇ, ಇಲ್ಲ ಸುಮ್ನೆ ತೇಲುತ್ತಿದೆಯೇ? ದೂಳಿನ ಹೊಳಪು ಇದನ್ನು ಹೇಳುವುದಿಲ್ಲ. ಗೆರೆ ಹೇಳುತ್ತದೆ: ಅನಿಲ ನಮ್ಮತ್ತ ಬಂದರೆ ಒಂದು ಕಡೆಗೆ, ದೂರ ಹೋದರೆ ಇನ್ನೊಂದು ಕಡೆಗೆ ಅದರ ಫ್ರೀಕ್ವೆನ್ಸಿ ಸ್ವಲ್ಪ ಸರಿಯುತ್ತದೆ.

ಕಂಡದ್ದು ಏನು

ಮೊದಲ ಸುತ್ತಿನಲ್ಲಿ ಬಳಸಿದ್ದು 14 ಮೀಟರ್ ಆಸುಪಾಸಿನ ಒಂಟಿ ಟೆಲಿಸ್ಕೋಪ್. ಸಿಓ ಗೆರೆಯಲ್ಲಿ ಅದರ ಬೀಮ್, ಅಂದರೆ ಒಮ್ಮೆಗೆ ನೋಡುವ ಆಕಾಶದ ತುಣುಕು, ಮುಕ್ಕಾಲು ಆರ್ಕ್‌ಮಿನಿಟ್ ಅಗಲ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್). ತಂಡ ಸಾಮಾನ್ಯ ಸಿಓ ಗೆರೆಯಲ್ಲಿ ಇಡೀ ಮೋಡವನ್ನು ಗುಡಿಸಿತು. ಸಿಗ್ನಲ್ ಜೋರಾಗಿಯೇ ಬಂತು. ಮೋಡದ ಬಹುಭಾಗದಲ್ಲಿ ಗೆರೆಗೆ ಶಿಖರದಂಥ ಎರಡು ತುದಿ, ನಡುವೆ ಆಳವಾದ ತಗ್ಗು. ಎಡಗಡೆಯ, ಅಂದರೆ ನಮ್ಮತ್ತ ಬರುತ್ತಿರುವ ಅನಿಲದ ತುದಿ ಸ್ವಲ್ಪ ಎತ್ತರ.

ಎರಡು ತುದಿ ಇದ್ದರೆ ಎರಡು ಮೋಡ ಅಲ್ವಾ? ಬೇರೆ ಬೇರೆ ವೇಗದ ಎರಡು ಮೋಡಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿವೆ, ಆ ಒತ್ತಡದಿಂದಲೇ ನಡುವೆ ದಟ್ಟ ಭಾಗ ಮೂಡಿದೆ. ಇದು ತಂಡದ ಮೊದಲ ಓದು. ಮೋಡಗಳ ಡಿಕ್ಕಿಯಿಂದ ನಕ್ಷತ್ರ ಹುಟ್ಟುತ್ತದೆ ಎಂಬ ವಿಚಾರಕ್ಕೆ ಈ ಕ್ಷೇತ್ರದಲ್ಲಿ ಒಳ್ಳೆಯ ಬೆಂಬಲವೂ ಇದೆ. ಹಾಗಾಗಿ ಲೇಖನದ ಕರಡು ಬೇಗ ಬೆಳೆಯಿತು.

ಒಂದು ಅಂಕಿ ಮಾತ್ರ ಮುಳ್ಳಿನ ಹಾಗೆ ಉಳಿಯಿತು. ಸಿಓ ಹೊಳಪಿನಿಂದ ಲೆಕ್ಕ ಹಾಕಿದ ತೂಕ, ದೂಳಿನಿಂದ ಲೆಕ್ಕ ಹಾಕಿದ ತೂಕದ ಅರ್ಧಕ್ಕಿಂತ ಕಡಿಮೆ ಬಂತು. ಸಿಓ ಹೊಳಪಿನ ಪ್ರತಿ ಕೆಲ್ವಿನ್ ಕಿಲೋಮೀಟರ್ ಪ್ರತಿ ಸೆಕೆಂಡಿಗೆ, ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 2×10²⁰ ಹೈಡ್ರೋಜನ್ ಅಣುಗಳು ಎಂಬುದು ನಮ್ಮ ಆಕಾಶಗಂಗೆಗೆ ವಾಡಿಕೆಯ ಗುಣಕ. (ಇಲ್ಲಿ ಗೆರೆಯ ಎತ್ತರವನ್ನು ಕೆಲ್ವಿನ್‌ನಲ್ಲಿ, ಅಗಲವನ್ನು ವೇಗದಲ್ಲಿ ಅಳೆಯುತ್ತಾರೆ.) ಆದರೆ ಅದು ದೊಡ್ಡ ದೊಡ್ಡ ಮೋಡಗಳ ಸರಾಸರಿ. ಇಂಥ ಪುಟ್ಟ ಮೋಡಕ್ಕೆ ಅದನ್ನು ಹಚ್ಚುವುದು ನನ್ನ ಪ್ರಕಾರ ಲೆಕ್ಕವೇ ಅಲ್ಲ, ಅಂದಾಜಿಗೂ ಒಂದು ಮೆಟ್ಟಿಲು ಕೆಳಗೆ. ತಂಡವೂ ಹೀಗೇ ಹೇಳಿ ಮುಂದೆ ಸಾಗಿತು. ಗುಣಕದ ಮೇಲೆ ತಪ್ಪು ಹೊರಿಸುವುದು ಸುಲಭ. ಆ ಮಾತು ಸರಿಯೂ ಇತ್ತು. ಸರಿಯಾದ ಕಾರಣವೇ ಕೆಲವು ಸಲ ಬೇರೆ ಕಾರಣಗಳನ್ನು ಮುಚ್ಚಿಬಿಡುತ್ತದೆ.

ಮೊದಲು ಬಿಡಿಸಿದ ತಗ್ಗು: ಖಾಲಿ ಎಂದುಕೊಂಡ ಜಾಗ

ದಾರಿ ತಿರುಗಿದ್ದು ಕಸದ ಬುಟ್ಟಿಯಿಂದ. ಡೇಟಾ ಸಂಸ್ಕರಿಸುತ್ತಿದ್ದ ವಿದ್ಯಾರ್ಥಿ ಮೋಡದ ಅಂಚಿನ ಕೆಲವು ಸ್ಪೆಕ್ಟ್ರಮ್‌ಗಳನ್ನು 'ಬೇಸ್‌ಲೈನ್ ಸರಿಯಿಲ್ಲ' ಎಂದು ಬದಿಗಿಟ್ಟಿದ್ದರು (ಗೆರೆ ಇಲ್ಲದ ಕಡೆ ನೆಟ್ಟಗೆ ಇರಬೇಕಾದ ಸೊನ್ನೆಯ ತಳವೇ ಬೇಸ್‌ಲೈನ್). ಯಾಕೆ ಸರಿಯಿಲ್ಲ ಎಂದು ತಂಡದ ಹಿರಿಯರೊಬ್ಬರು ತೆರೆದು ನೋಡಿದರು. ಬೇಸ್‌ಲೈನ್ ನೆಟ್ಟಗೇ ಇತ್ತು. ಆದರೆ ಗೆರೆ ಇರಬೇಕಾದ ವೇಗದಲ್ಲಿ ಸಿಗ್ನಲ್ ಸೊನ್ನೆಗಿಂತ ಕೆಳಗೆ ಇಳಿದಿತ್ತು. ಬದಿಗಿಟ್ಟ ಎಲ್ಲ ಸ್ಪೆಕ್ಟ್ರಮ್‌ಗಳಲ್ಲೂ ಅದೇ ವೇಗ, ಹೆಚ್ಚು ಕಡಿಮೆ ಅದೇ ಆಳ.

ಇದು ಮೋಡದ ಗುಣವಾಗಿರಲು ಸಾಧ್ಯವಿಲ್ಲ. ಮೋಡದ ಹಿಂದೆ ಇರುವ ಬೆಳಕು ಎಂದರೆ 2.7 ಕೆಲ್ವಿನ್‌ನ ಬ್ರಹ್ಮಾಂಡ ಹಿನ್ನೆಲೆ ವಿಕಿರಣ. (ಅದನ್ನು ಕಂಡುಹಿಡಿದವರೂ ಇದೇ ಪೆಂಜಿಯಾಸ್ ಮತ್ತು ವಿಲ್ಸನ್. 1978ರ ನೊಬೆಲ್ ಬಂದದ್ದು ಅದಕ್ಕೆ.) ಸಿಓ ಗೆರೆ ಆ ಹಿನ್ನೆಲೆಗಿಂತ ಕೆಳಗೆ ಇಳಿಯಬೇಕಾದರೆ ಅಣುಗಳು 2.7 ಕೆಲ್ವಿನ್‌ಗಿಂತ ತಣ್ಣಗೆ ವರ್ತಿಸಬೇಕು. ಕೆಲವು ಅಣುಗಳು ಹಾಗೆ ಮಾಡುತ್ತವೆ. 6 ಸೆಂಟಿಮೀಟರ್ ಗೆರೆಯಲ್ಲಿ ಫಾರ್ಮಾಲ್ಡಿಹೈಡ್ ಇದಕ್ಕೆ ಹೆಸರುವಾಸಿ. ಆದರೆ ಸಿಓ ಸಾಧಾರಣ ಸಾಂದ್ರತೆಯಲ್ಲೇ ಬೇರೆ ಅಣುಗಳ ಜೊತೆಗಿನ ಡಿಕ್ಕಿಗಳಿಂದ ಬೆಚ್ಚಗಾಗುವ ಅಣು. ಹಾಗಾದರೆ ಉಳಿದದ್ದು ಒಂದೇ ಅನುಮಾನ: ಕಳೆಯುವ ಲೆಕ್ಕದಲ್ಲಿ ಏನೋ ಹೆಚ್ಚಾಗಿ ಕಳೆದಿದೆ.

ಈ ಮಾತಿಗೆ ಸ್ವಲ್ಪ ವಿವರ ಬೇಕು. ರೇಡಿಯೋ ಟೆಲಿಸ್ಕೋಪಿಗೆ ಬರುವ ಶಕ್ತಿಯಲ್ಲಿ ಆಕಾಶದ ಮೋಡದ ಪಾಲು ತೀರಾ ಸಣ್ಣದು. ಭೂಮಿಯ ವಾತಾವರಣ ಮತ್ತು ರಿಸೀವರ್‌ನ ನಾಯ್ಸ್ ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಮೋಡದ ಮೇಲೆ ಒಮ್ಮೆ, ಪಕ್ಕದ ಖಾಲಿ ಆಕಾಶದ ಮೇಲೆ ಒಮ್ಮೆ ನೋಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತಾರೆ. ಆ ಖಾಲಿ ಜಾಗಕ್ಕೆ ಆಫ್ ಜಾಗ ಎನ್ನುತ್ತಾರೆ. ತಕ್ಕಡಿಯಲ್ಲಿ ಪಾತ್ರೆಯ ತೂಕ ಕಳೆದ ಹಾಗೆ. ಪಾತ್ರೆಯ ತಳದಲ್ಲಿ ಮೊದಲೇ ಒಂದಿಷ್ಟು ಅಕ್ಕಿ ಇದ್ದರೆ? ಸಾಮಾನು ಹಾಕಿದ ಮೇಲೆ ತೂಕ ಕಡಿಮೆ ಬರುತ್ತದೆ, ತಕ್ಕಡಿ ಮಾತ್ರ ಸರಿಯಾಗೇ ಕಾಣುತ್ತದೆ.

ತಂಡದ ಆಫ್ ಜಾಗ ಮೋಡದಿಂದ ಅರ್ಧ ಡಿಗ್ರಿ ದೂರದಲ್ಲಿತ್ತು. ಫೋಟೋದಲ್ಲಿ ಅಲ್ಲಿ ನಕ್ಷತ್ರಗಳು ದಟ್ಟವಾಗಿ ಕಾಣುತ್ತಿದ್ದವು, ದೂಳು ಇಲ್ಲ ಎಂದು ಅದನ್ನು ಆರಿಸಿದ್ದರು. ಆದರೆ ಕಣ್ಣಿಗೆ ದೂಳು ಕಾಣದಷ್ಟು ತೆಳು ಅನಿಲದಲ್ಲೂ ಸಿಓ ಗೆರೆ ಮೂಡಬಹುದು. ಸಾಮಾನ್ಯ ಸಿಓ ಅಷ್ಟು ಸುಲಭದ ಗೆರೆ. ಅದರ ದೊಡ್ಡ ಗುಣವೂ ಅದೇ, ಇಲ್ಲಿ ತೊಂದರೆ ಕೊಟ್ಟದ್ದೂ ಅದೇ.

ಪರೀಕ್ಷೆಗೆ ತಂಡ ಆಯ್ದುಕೊಂಡದ್ದು ಜಾಗ ಬದಲಿಸದೆ ಫ್ರೀಕ್ವೆನ್ಸಿ ಬದಲಿಸುವ ವಿಧಾನ. ಟೆಲಿಸ್ಕೋಪ್ ಆಫ್ ಜಾಗವನ್ನೇ ನೋಡುತ್ತಿರುತ್ತದೆ, ರಿಸೀವರ್ ಮಾತ್ರ ಎರಡು ಫ್ರೀಕ್ವೆನ್ಸಿಗಳ ನಡುವೆ ಬೇಗ ಬೇಗ ಜಿಗಿಯುತ್ತದೆ. ಗೆರೆ ಕಿರಿದಾಗಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಬೇಸ್‌ಲೈನ್ ಸ್ವಲ್ಪ ಅಲೆಅಲೆಯಾಗುತ್ತದೆ ಅಷ್ಟೇ. ನೋಡಿದರೆ ಆಫ್ ಜಾಗದಲ್ಲಿ ಒಂದಲ್ಲ, ಎರಡು ಗೆರೆ!

ಒಂದು ಗೆರೆ ಮೋಡದ ವೇಗದಲ್ಲೇ ಇತ್ತು. ಇನ್ನೊಂದು ತೀರಾ ಕಿರಿದು, ಬೇರೆ ವೇಗದಲ್ಲಿ. ಡಿಕ್ಕಿಯ ಕಥೆ ನಂಬಿದವರಿಗೆ ಒಂದು ಗಳಿಗೆ ಖುಷಿಯೋ ಖುಷಿ: ಎರಡನೇ ಮೋಡ ಸಿಕ್ಕೇಬಿಟ್ಟಿತು! ಆದರೆ ಈ ವಿಧಾನದಲ್ಲಿ ಕೆಲಸ ಮಾಡಿದವರಿಗೆ ಆ ಕಿರಿದಾದ ಗೆರೆ ಹಳೇ ಪರಿಚಯ. ಅದು ಭೂಮಿಯದೇ ಸಿಓ, ನಮ್ಮ ವಾತಾವರಣದ ಮೇಲಿನ ಪದರದಲ್ಲಿರುವುದು. ಜಾಗ ಬದಲಿಸಿ ಕಳೆದಾಗ ಎರಡೂ ಕಡೆ ಒಂದೇ ಇರುವುದರಿಂದ ಅಳಿಸಿಹೋಗುತ್ತದೆ, ಫ್ರೀಕ್ವೆನ್ಸಿ ಬದಲಿಸಿದಾಗ ಉಳಿಯುತ್ತದೆ. ಖಚಿತ ಮಾಡಿಕೊಳ್ಳುವ ದಾರಿ ಸರಳ. ಆಕಾಶದ ವೇಗಗಳನ್ನು ಸೂರ್ಯನ ಸುತ್ತಲಿನ ನಕ್ಷತ್ರಗಳ ಸರಾಸರಿ ಚಲನೆಗೆ ಹೋಲಿಸಿ ಅಳೆಯುತ್ತಾರೆ. ಭೂಮಿ ಸೂರ್ಯನನ್ನು ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಹಾಗಾಗಿ ಕೆಲವು ವಾರ ಬಿಟ್ಟು ನೋಡಿದರೆ ಭೂಮಿಯ ಗೆರೆ ಜಾಗ ಬದಲಿಸುತ್ತದೆ, ಆಕಾಶದ ಗೆರೆ ಅಲ್ಲಾಡುವುದಿಲ್ಲ. ಮುಂದಿನ ಸರದಿಯಲ್ಲಿ ನೋಡಿದಾಗ ಹಾಗೇ ಆಯಿತು.

ಉಳಿದ ಗೆರೆ ನಿಜವಾದದ್ದು. ಆಫ್ ಜಾಗ ಖಾಲಿ ಇರಲಿಲ್ಲ. ಅಲ್ಲಿನ ಗೆರೆಯನ್ನು ಎಲ್ಲ ಸ್ಪೆಕ್ಟ್ರಮ್‌ಗಳಿಗೂ ಮರಳಿ ಕೂಡಿಸಿದಾಗ ಅಂಚಿನ ಋಣ ಗುಂಡಿಗಳು ಮಾಯವಾದವು. ತೂಕ ಸ್ವಲ್ಪ ಏರಿತು. ನಡುವಿನ ತಗ್ಗು ಆಳ ಕಳೆದುಕೊಂಡಿತು, ಆದರೆ ಹೋಗಲಿಲ್ಲ.

ಇಲ್ಲಿ ತಂಡ ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. ಕೂಡಿಸಿದ ಡೇಟಾವನ್ನು ನಂಬಿ ಸುಮ್ಮನಾಗಲಿಲ್ಲ. ದೂಳಿನ ನಕ್ಷೆಯಲ್ಲಿ ಅತಿ ಕಡಿಮೆ ಇರುವ ಹೊಸ ಆಫ್ ಜಾಗ ಹುಡುಕಿ, ಅದು ಖಾಲಿ ಎಂದು ಮೊದಲು ಫ್ರೀಕ್ವೆನ್ಸಿ ವಿಧಾನದಿಂದ ಖಚಿತಪಡಿಸಿಕೊಂಡು, ಕೆಲವು ಬಿಂದುಗಳನ್ನು ಮತ್ತೆ ಅಳೆದರು. ಎರಡೂ ದಾರಿಯ ಉತ್ತರ ಒಂದೇ ಬಂತು. ಉಳಿದ ತಗ್ಗು ಅಳತೆಯಲ್ಲಿ ಹುಟ್ಟಿದ್ದಲ್ಲ, ಆಕಾಶದಲ್ಲೇ ಇದೆ ಎಂಬ ಭರವಸೆ ಬಂದದ್ದು ಆಗ.

ಎರಡನೆಯದು: ಮುಂದಿನ ಪದರದ ನೆರಳು

ಈಗ ಟೆಲಿಸ್ಕೋಪ್ ಸಮಯ ಕಡಿಮೆ ಉಳಿದಿತ್ತು. ತಂಡದಲ್ಲಿ ಎರಡು ಅಭಿಪ್ರಾಯ. ಒಬ್ಬರ ವಾದ: ಡಿಕ್ಕಿ ನಡೆದಿದ್ದರೆ ಎರಡೂ ಮೋಡಗಳ ಉಳಿದ ಭಾಗ ಸುತ್ತ ಎಲ್ಲೋ ಬೇರೆ ಬೇರೆಯಾಗಿ ಕಾಣಬೇಕು, ಆದ್ದರಿಂದ ಸಾಮಾನ್ಯ ಸಿಓ ನಕ್ಷೆಯನ್ನೇ ಇನ್ನೂ ಅಗಲ ಮಾಡೋಣ. ಇನ್ನೊಬ್ಬರ ವಾದ: ನಕ್ಷೆ ಸಾಕು, ಅಪರೂಪದ ಸಿಓ ಬಳಸಿ ಮೋಡದ ಮೇಲೆ ಹಾಯುವ ಒಂದೇ ಒಂದು ಕಿರಿದಾದ ಪಟ್ಟಿಯನ್ನು ಆಳವಾಗಿ ನೋಡೋಣ.

ಅಪರೂಪದ ಸಿಓ ಎಂದರೆ ಭಾರದ ಪರಮಾಣು ಇರುವ ಅಣು. ಕಾರ್ಬನ್-13 ಇರುವ 13ಸಿಓ 110.201 ಗಿಗಾಹರ್ಟ್ಸ್‌ನಲ್ಲಿ, ಆಮ್ಲಜನಕ-18 ಇರುವ ಸಿ18ಓ 109.782 ಗಿಗಾಹರ್ಟ್ಸ್‌ನಲ್ಲಿ ಸಿಗುತ್ತವೆ. ನಮ್ಮ ಸುತ್ತಲಿನ ಆಕಾಶದಲ್ಲಿ ಸಾಮಾನ್ಯ ಕಾರ್ಬನ್ ಸುಮಾರು 65 ಇದ್ದರೆ ಕಾರ್ಬನ್-13 ಒಂದು. ಸಾಮಾನ್ಯ ಆಮ್ಲಜನಕ ಸುಮಾರು 550 ಇದ್ದರೆ ಆಮ್ಲಜನಕ-18 ಒಂದು. ಸಿಗ್ನಲ್ ಮಂಕಾಗಿರುತ್ತದೆ. ನಾಯ್ಸ್ ಅರ್ಧಕ್ಕೆ ಇಳಿಯಬೇಕಾದರೆ ನಾಲ್ಕು ಪಟ್ಟು ಹೊತ್ತು ನೋಡಬೇಕು. ಒಂದೇ ಅನುಕೂಲ: ವಾತಾವರಣದ ಆಮ್ಲಜನಕ 118.75 ಗಿಗಾಹರ್ಟ್ಸ್‌ನಲ್ಲಿ ಬಲವಾಗಿ ಹೀರುತ್ತದೆ, ಅದರ ಹತ್ತಿರವಿರುವ 115ಕ್ಕಿಂತ 110ರ ಆಸುಪಾಸಿನಲ್ಲಿ ಆಕಾಶ ಶಾಂತ. ಜೊತೆಗೆ 13ಸಿಓ, ಸಿ18ಓ ಎರಡೂ ಹತ್ತಿರ ಹತ್ತಿರ ಇರುವುದರಿಂದ ಒಟ್ಟಿಗೇ ಹಿಡಿಯಬಹುದು.

ವಾದ ಬಗೆಹರಿದದ್ದು ಮೊದಲ ದಿನದಿಂದ ಕೈಯಲ್ಲೇ ಇದ್ದ ಒಂದು ಅಂಕಿಯಿಂದ. ಹಳೆಯ ಸಮೀಕ್ಷೆಯೊಂದರಲ್ಲಿ ಈ ಮೋಡದ 13ಸಿಓ ಅಳತೆ ಇತ್ತು. ಸಾಮಾನ್ಯ ಸಿಓ ಅದಕ್ಕಿಂತ ಎರಡು ಮೂರು ಪಟ್ಟು ಮಾತ್ರ ಹೊಳೆಯುತ್ತಿತ್ತು. ಅಣುಗಳ ಸಂಖ್ಯೆಯ ಪ್ರಕಾರ 65 ಪಟ್ಟು ಇರಬೇಕಾದದ್ದು. ಅಂದರೆ ಸಾಮಾನ್ಯ ಸಿಓ ಗೆರೆ ಎಷ್ಟು ದಟ್ಟ ಎಂದರೆ, ಒಳಗಿನ ಅಣು ಬಿಟ್ಟ ಬೆಳಕನ್ನು ಹೊರಗಿನ ಅಣುವೇ ನುಂಗುತ್ತದೆ. ನಮಗೆ ಕಾಣುವುದು ಹೊರ ಮೈ. ಹೀಗಿರುವಾಗ ಆ ಗೆರೆಯ ನಕ್ಷೆ ಎಷ್ಟು ಅಗಲ ಮಾಡಿದರೂ ಒಳಗೆ ಒಂದು ಮೋಡ ಇದೆಯೋ ಎರಡು ಇದೆಯೋ ಎಂದು ಹೇಳಲು ಬರುವುದಿಲ್ಲ. ಪಟ್ಟಿಯ ವಾದ ಗೆದ್ದಿತು.

ಪಟ್ಟಿಯನ್ನು ಮೋಡದ ಉದ್ದಕ್ಕೆ, ದೂಳಿನ ದಟ್ಟ ಜಾಗದ ಮೇಲೆ ಹಾಯುವ ಹಾಗೆ, ಅರ್ಧ ಬೀಮ್ ಅಂತರದಲ್ಲಿ ಹಾಕಿದರು. ಸಿ18ಓ ಗೆರೆ ನಿಧಾನವಾಗಿ ನಾಯ್ಸ್ ಮೇಲೆ ಎದ್ದಿತು. ಒಂದೇ ತುದಿ. ಕಿರಿದು. ಅದು ನಿಂತದ್ದು ಎಲ್ಲಿ? ಸಾಮಾನ್ಯ ಸಿಓದ ತಗ್ಗು ಇದ್ದ ವೇಗದಲ್ಲೇ. ಎರಡು ಮೋಡಗಳಿದ್ದರೆ ಸಿ18ಓಗೂ ಎರಡು ತುದಿ ಇರಬೇಕಿತ್ತು, ನಡುವೆ ಏನೂ ಇರಬಾರದಿತ್ತು. ಇಲ್ಲಿ ಅತಿ ಹೆಚ್ಚು ಅನಿಲ ಇರುವುದೇ ಆ 'ಏನೂ ಇಲ್ಲದ' ವೇಗದಲ್ಲಿ.

ಹಾಗಾದರೆ ತಗ್ಗು ಯಾಕೆ? ಮೋಡದ ಮುಂಭಾಗದ ತೆಳು ಅನಿಲದಲ್ಲಿ ಅಣುಗಳ ನಡುವಿನ ಡಿಕ್ಕಿಗಳು ಕಡಿಮೆ. ಅಲ್ಲಿನ ಸಿಓ ಅಣುಗಳು ಪೂರ್ತಿ 10 ಕೆಲ್ವಿನ್‌ಗೆ ತಕ್ಕಂತೆ ತಿರುಗುವುದಿಲ್ಲ, ಅದಕ್ಕಿಂತ ತಣ್ಣಗೆ ವರ್ತಿಸುತ್ತವೆ. ಹಿಂದಿನಿಂದ ಬರುವ ಬೆಳಕನ್ನು ಅವು ನುಂಗುತ್ತವೆ, ಮರಳಿ ಕೊಡುವುದು ಕಡಿಮೆ. ಗೆರೆಯ ನಡು ಇಂಗುತ್ತದೆ, ಎರಡು ಬದಿ ತುದಿಗಳಂತೆ ಉಳಿಯುತ್ತವೆ. ಮೋಡ ತನ್ನ ಬೆಳಕನ್ನು ತಾನೇ ಹೀರಿಕೊಂಡಿದೆ, ಅಷ್ಟೇ. ಹೋಲಿಕೆಗೆ ಹೇಳುವುದಾದರೆ, 10 ಕೆಲ್ವಿನ್ ಅನಿಲದ ಪೂರ್ತಿ ದಟ್ಟ ಗೆರೆ ಹಿನ್ನೆಲೆ ಕಳೆದ ಮೇಲೆ ಸುಮಾರು 6.6 ಕೆಲ್ವಿನ್ ಹೊಳಪು ತೋರಿಸಬೇಕು. ಎರಡು ಬದಿಯ ತುದಿಗಳು ಅದರ ಹತ್ತಿರ ಇದ್ದವು. ನಡುವಿನ ತಗ್ಗು ತುಂಬಾ ಕೆಳಗಿತ್ತು.

ಡಿಕ್ಕಿಯ ಕರಡು ಅಂದೇ ಮುಚ್ಚಿತು. ಆದರೆ ತಕ್ಷಣ ಇನ್ನೊಂದು ಆಸೆ ಹುಟ್ಟಿತು. ಎಡ ತುದಿ ಎತ್ತರ ಇದ್ದರೆ ಅನಿಲ ಒಳಗೆ ಕುಸಿಯುತ್ತಿದೆ ಎಂಬುದು ಈ ಕ್ಷೇತ್ರದ ಪ್ರಸಿದ್ಧ ಗುರುತು. ನಕ್ಷತ್ರ ಹುಟ್ಟುವ ಮುನ್ನಿನ ಕುಸಿತ ಸಿಕ್ಕಿತೇ? ಇಲ್ಲಿ ತಂಡ ಒಳ್ಳೆಯ ಸಂಯಮ ತೋರಿಸಿತು. ಆ ಗುರುತು ಅರ್ಥ ಕೊಡುವುದು ಗೆರೆ ದಟ್ಟ ನಡುಭಾಗದಿಂದ ಬಂದಾಗ. ಅದಕ್ಕೆ ಹೆಚ್ಚು ಸಾಂದ್ರತೆ ಬೇಡುವ ಅಣುಗಳನ್ನು ಬಳಸುತ್ತಾರೆ. ಸಾಮಾನ್ಯ ಸಿಓ ತೋರಿಸುವುದು ಹೊರ ಪದರದ ಅಲುಗಾಟ ಮಾತ್ರ. ನಕ್ಷೆಯನ್ನು ಬಿಂದು ಬಿಂದುವಾಗಿ ನೋಡಿದಾಗ ಕೆಲವು ಕಡೆ ಎಡ ತುದಿ ಎತ್ತರ, ಕೆಲವು ಕಡೆ ಬಲ ತುದಿ ಎತ್ತರ ಇತ್ತು. ಕುಸಿತ ಎಂಬ ಪದವೇ ಲೇಖನದಲ್ಲಿ ಬೇಡ ಎಂದು ತೀರ್ಮಾನಿಸಿದರು.

ಮೂರನೆಯದು: ನಿಜವಾಗಿಯೂ ಇಲ್ಲದ್ದು

ಎರಡನೇ ತಗ್ಗು ಬಿಡಿಸಿದ ಪಟ್ಟಿಯೇ ಮೂರನೆಯದನ್ನು ತಂದುಕೊಟ್ಟಿತು. ಸಿ18ಓ ಹೊಳಪು ಅಂಚಿನಿಂದ ಒಳಕ್ಕೆ ಏರುತ್ತಾ ಬಂತು, ದೂಳಿನ ಜೊತೆ ಹೆಜ್ಜೆ ಹಾಕುತ್ತಾ. ಒಂದು ಹಂತ ದಾಟಿದ ಮೇಲೆ ಚಪ್ಪಟೆಯಾಯಿತು. ದೂಳು ಅತಿ ದಟ್ಟವಾಗಿರುವ ಬಿಂದುವಿನಲ್ಲಿ ಇಳಿಯಿತು. 1982ರಲ್ಲಿ ಫ್ರೆರ್ಕಿಂಗ್, ಲ್ಯಾಂಗರ್ ಮತ್ತು ವಿಲ್ಸನ್ ಕೊಟ್ಟ ಲೆಕ್ಕದ ಪ್ರಕಾರ 1 ಕೋಟಿ ಹೈಡ್ರೋಜನ್ ಅಣುಗಳಿಗೆ 1.7 ಸಿ18ಓ ಅಣು ಇರಬೇಕು. (ಇದೇ ವಿಲ್ಸನ್ ಮತ್ತೆ! ಸಿಓ ಕಥೆಯಲ್ಲಿ ಇವರನ್ನು ತಪ್ಪಿಸಿಕೊಳ್ಳುವುದು ಕಷ್ಟ.) ಅಂಚಿನಲ್ಲಿ ಈ ಲೆಕ್ಕ ಸರಿಹೊಂದುತ್ತಿತ್ತು. ನಡುವಿನಲ್ಲಿ ಹತ್ತಿರಕ್ಕೂ ಬರಲಿಲ್ಲ.

ಡಿಕ್ಕಿಯ ಕಥೆ ಇಲ್ಲಿ ಮತ್ತೊಮ್ಮೆ ತಲೆ ಎತ್ತಿತು. ಡಿಕ್ಕಿಯ ಹೊಡೆತಕ್ಕೆ ನಡುವಿನ ಅನಿಲ ಚದುರಿ ದೂಳು ಮಾತ್ರ ಉಳಿದಿರಬಹುದೇ? ದೂಳು ಮತ್ತು ಅನಿಲ ಇಷ್ಟು ಸುಲಭವಾಗಿ ಬೇರೆಯಾಗುವುದಿಲ್ಲ ಎಂದು ಒಬ್ಬರು ಹೇಳಿದ ಮೇಲೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಈ ಸಲ ತಂಡ ಕಥೆ ಕಟ್ಟುವ ಮೊದಲು ಅನುಮಾನಗಳನ್ನು ಅಗ್ಗದಿಂದ ದುಬಾರಿಯ ಕಡೆಗೆ ಸಾಲಾಗಿ ನಿಲ್ಲಿಸಿತು.

ಅತಿ ಅಗ್ಗದ್ದು ಟೆಲಿಸ್ಕೋಪ್ ಬೇರೆಲ್ಲೋ ನೋಡುತ್ತಿದೆ ಎಂಬುದು. ಗೊತ್ತಿರುವ ಮೂಲಗಳ ಮೇಲೆ ಅಳೆದ ಗುರಿಯ ದಾಖಲೆ ನೋಡಿದರು, ತಪ್ಪು ಬೀಮ್‌ನ ಸಣ್ಣ ಭಾಗ ಮಾತ್ರ. ಹೋಯಿತು. ಮುಂದಿನದು ತಾಪ. ನಡುಭಾಗ ಹೊರಗಿಗಿಂತ ತಣ್ಣಗಿದ್ದರೆ ಹೊಳಪು ಇಳಿಯುತ್ತದೆ ನಿಜ. ಆದರೆ ಸಿ18ಓದ ಈ ಗೆರೆಯಿಂದ ಅಣುಗಳನ್ನು ಎಣಿಸುವಾಗ 8 ಕೆಲ್ವಿನ್ ಇಟ್ಟರೂ 12 ಇಟ್ಟರೂ ಉತ್ತರ ಹೆಚ್ಚು ಬದಲಾಗುವುದಿಲ್ಲ. ದೂಳಿನ ಹೊಳಪಿನ ಲೆಕ್ಕಕ್ಕೆ ತಾಪ ಬೇಕು, ಅದು ತಪ್ಪಿರಬಹುದು ಎಂಬ ಆಕ್ಷೇಪವೂ ಬಂತು. ಆದರೆ ಹಿಂದಿನ ನಕ್ಷತ್ರಗಳು ಕೆಂಪಾಗುವ ಲೆಕ್ಕಕ್ಕೆ ತಾಪವೇ ಬೇಡ, ಅದೂ ಅದೇ ದಟ್ಟತೆ ತೋರಿಸಿತ್ತು. ಎರಡು ಸ್ವತಂತ್ರ ದೂಳಿನ ನಕ್ಷೆ ಇಟ್ಟುಕೊಂಡಿದ್ದು ಕೆಲಸಕ್ಕೆ ಬಂದದ್ದು ಇಲ್ಲಿ.

ಮೂರನೇ ಅನುಮಾನ ಗಟ್ಟಿಯಾದದ್ದು: ಸಿ18ಓ ಗೆರೆಯೂ ನಡುವಿನಲ್ಲಿ ದಟ್ಟವಾಗಿ, ಸಾಮಾನ್ಯ ಸಿಓಗೆ ಆದದ್ದೇ ಅದಕ್ಕೂ ಆಗಿದೆಯೇ? ಇದಕ್ಕೆ ಇನ್ನೂ ಅಪರೂಪದ ಸಿ17ಓ ನೋಡಬೇಕು, 112.359 ಗಿಗಾಹರ್ಟ್ಸ್‌ನಲ್ಲಿ. ಅದು ಸಿ18ಓಗಿಂತ ಸುಮಾರು 3.5 ಪಟ್ಟು ಕಡಿಮೆ. ಅಂದರೆ ಅದೇ ಗುಣಮಟ್ಟಕ್ಕೆ 12 ಪಟ್ಟು ಹೊತ್ತು. ಪೂರ್ತಿ ಪಟ್ಟಿ ಮಾಡಲು ಸಮಯವೇ ಇಲ್ಲ. ತಂಡ ಮೂರೇ ಬಿಂದು ಆರಿಸಿತು: ದೂಳಿನ ತುದಿ (ಅದು ಅತಿ ದಟ್ಟವಾಗಿರುವ ಬಿಂದು), ಅದರ ಸುತ್ತ ಸಿ18ಓ ಅತಿ ಹೊಳೆಯುವ ಉಂಗುರದ ಒಂದು ಜಾಗ, ಹೊರಗೆ ಎರಡೂ ಒಪ್ಪುವ ಒಂದು ಜಾಗ. ಇಡೀ ಪ್ರಕರಣದಲ್ಲಿ ಅತಿ ಜಾಣ ನಿರ್ಧಾರ ಇದು ಎಂದು ನನಗನಿಸುತ್ತದೆ. ಪ್ರಶ್ನೆ ಒಂದು ಅನುಪಾತದ ಬಗ್ಗೆ ಇದ್ದಾಗ ನಕ್ಷೆ ಯಾಕೆ ಬೇಕು? ಸಿ18ಓ ದಟ್ಟವಾಗಿದ್ದರೆ ನಡುವಿನಲ್ಲಿ ಅನುಪಾತ 3.5ರಿಂದ ಕೆಳಗೆ ಇಳಿಯಬೇಕು. ಮೂರು ಕಡೆಯೂ ಅನುಪಾತ ನಾಯ್ಸ್‌ನ ಮಿತಿಯೊಳಗೆ ಒಂದೇ ಇತ್ತು. ಸಿ17ಓ ಕೂಡ ನಡುವಿನಲ್ಲಿ ಮಂಕಾಗಿತ್ತು.

ಅಂದರೆ ನಡುವಿನಲ್ಲಿ ಸಿಓ ಅನಿಲ ನಿಜವಾಗಿಯೂ ಕಡಿಮೆ. ಎಲ್ಲಿಗೆ ಹೋಯಿತು? ದೂಳಿನ ಮೇಲೆ ಹೆಪ್ಪುಗಟ್ಟಿತು. ಸುಮಾರು 20 ಕೆಲ್ವಿನ್‌ಗಿಂತ ತಣ್ಣಗಿರುವ ದೂಳಿನ ಕಣಕ್ಕೆ ತಾಗಿದ ಸಿಓ ಅಣು ಅಂಟಿಕೊಂಡುಬಿಡುತ್ತದೆ. ಒಂದು ಘನ ಸೆಂಟಿಮೀಟರ್‌ಗೆ 1 ಲಕ್ಷ ಅಣುಗಳಷ್ಟು ಸಾಂದ್ರತೆ ಇದ್ದರೆ ಇದಕ್ಕೆ ಬೇಕಾದ ಕಾಲ 10 ಸಾವಿರ ವರ್ಷದ ಆಸುಪಾಸು. ಅದೇ ಅನಿಲ ತನ್ನ ತೂಕಕ್ಕೆ ತಾನೇ ಕುಸಿಯಲು 1 ಲಕ್ಷ ವರ್ಷದ ಮಟ್ಟದ ಕಾಲ ಬೇಕು. ಕುಸಿಯುವ ಮೊದಲೇ ಹೆಪ್ಪುಗಟ್ಟುತ್ತದೆ. ಸಿಓ ಮಂಜುಗಡ್ಡೆ ಬರೀ ಊಹೆಯಲ್ಲ. ಹಿಂದಿನ ನಕ್ಷತ್ರಗಳ ಬೆಳಕಿನಲ್ಲಿ 4.67 ಮೈಕ್ರಾನ್ ತರಂಗದ ಹತ್ತಿರ ಅದು ಹೀರಿಕೆಯಾಗಿ ಕಾಣುತ್ತದೆ.

ಇದು ಹೊಸ ಕಂಡುಹಿಡಿತವೂ ಅಲ್ಲ. 1990ರ ದಶಕದ ಕೊನೆಯಲ್ಲೇ ಎಲ್1544 ಎಂಬ ಮೋಡದ ನಡುವಿನಲ್ಲಿ ಸಿಓ ಸುಮಾರು 10 ಪಟ್ಟು ಕಡಿಮೆ ಎಂದು ತೋರಿಸಿದ್ದರು. ಬಾರ್ನಾರ್ಡ್ 68ರಲ್ಲೂ ಅಂಥದ್ದೇ ಗುಂಡಿ ಸಿಕ್ಕಿತು. ಹಾಗಿದ್ದೂ ತಂಡ 'ಅಲ್ಲಿ ಇದೆ, ಇಲ್ಲೂ ಇರಬೇಕು' ಎಂದು ಬರೆಯಲಿಲ್ಲ. ತಮ್ಮ ಮೋಡದಲ್ಲೇ ಒಂದು ಎದುರು ಸಾಕ್ಷಿ ಬೇಕು ಎಂದಿತು.

ಆ ಸಾಕ್ಷಿ ಡಯಾಜೆನಿಲಿಯಂ. ಎರಡು ನೈಟ್ರೋಜನ್, ಒಂದು ಹೈಡ್ರೋಜನ್ ಸೇರಿದ ಧನ ಅಯಾನು ಇದು. 93.17 ಗಿಗಾಹರ್ಟ್ಸ್‌ನ ಸುತ್ತ ಏಳು ಸಣ್ಣ ಗೆರೆಗಳ ಗುಂಪಾಗಿ ಕಾಣುತ್ತದೆ. ಇದಕ್ಕೆ ಸಿಓ ಕಂಡರೆ ಆಗುವುದಿಲ್ಲ. ಅನಿಲದಲ್ಲಿ ಸಿಓ ಇದ್ದರೆ ಅದು ಡಯಾಜೆನಿಲಿಯಂ ಅನ್ನು ಒಡೆದುಹಾಕುತ್ತದೆ. ಸಿಓ ಹೆಪ್ಪುಗಟ್ಟಿದ ಜಾಗದಲ್ಲಿ ಡಯಾಜೆನಿಲಿಯಂ ತಲೆ ಎತ್ತುತ್ತದೆ. ಆದ್ದರಿಂದ ಹೆಪ್ಪುಗಟ್ಟುವಿಕೆ ನಿಜವಾದರೆ ಒಂದರ ಗುಂಡಿಯಲ್ಲಿ ಇನ್ನೊಂದರ ಗುಡ್ಡ ಇರಲೇಬೇಕು. ಗುರಿ ತಪ್ಪಿದ್ದರೆ, ದೂಳಿನ ಲೆಕ್ಕ ತಪ್ಪಿದ್ದರೆ ಹೀಗೆ ಆಗುವುದಿಲ್ಲ. ತಂಡ ಇದಕ್ಕೆ ಹೆಚ್ಚು ದೊಡ್ಡ, 30 ಮೀಟರ್ ಮಟ್ಟದ ಟೆಲಿಸ್ಕೋಪಿನಲ್ಲಿ ಸಮಯ ಕೇಳಿ ಪಡೆಯಿತು. ಬೀಮ್ ಅರ್ಧ ಆರ್ಕ್‌ಮಿನಿಟ್‌ಗಿಂತ ಕಿರಿದಾಯಿತು. ಡಯಾಜೆನಿಲಿಯಂ ದೂಳಿನ ತುದಿಯ ಮೇಲೆಯೇ ಅತಿ ಹೆಚ್ಚು ಹೊಳೆಯಿತು, ಸಿ18ಓ ಉಂಗುರದ ಒಳಗೆ ಸರಿಯಾಗಿ ಕೂತಿತು.

ಚಲನೆಯ ಪ್ರಶ್ನೆಗೂ ಉತ್ತರ ಬಂದದ್ದು ಈ ಅಯಾನಿನಿಂದ. ನಡುಭಾಗ ಶಾಂತ, ಗೆರೆ ಕಿರಿದು, ಮೋಡದ ಒಂದು ತುದಿಯಿಂದ ಇನ್ನೊಂದಕ್ಕೆ ವೇಗ ಮೆಲ್ಲಗೆ ಬದಲಾಗುತ್ತದೆ. ಡಿಕ್ಕಿ ಇಲ್ಲ. ಎದ್ದು ಕಾಣುವ ಕುಸಿತವೂ ಇಲ್ಲ.

ಪ್ರಕಟವಾದದ್ದು

ಕೊನೆಗೆ ಹೊರಬಂದ ಲೇಖನ ಮೊದಲ ಕರಡಿಗಿಂತ ಚಿಕ್ಕದು, ಶೀರ್ಷಿಕೆಯೂ ಸಪ್ಪೆ. ತೂಕಕ್ಕೆ ದೂಳಿನ ಲೆಕ್ಕವನ್ನೇ ಇಟ್ಟರು. ಅದರಲ್ಲೂ ದೂಳಿನ ಗುಣದ ಬಗ್ಗೆ ಸುಮಾರು ಎರಡು ಪಟ್ಟಿನ ಅನಿಶ್ಚಿತತೆ ಇದೆ ಎಂದು ಬರೆದರು. ಗಾಯಾ ಉಪಗ್ರಹದ ಡೇಟಾದಿಂದ ಸಿಕ್ಕ ದೂರವನ್ನು ಬಳಸಿದರು, ಯಾಕೆಂದರೆ ತೂಕ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಲ್ಲಿನ ಸಣ್ಣ ತಪ್ಪೂ ದುಪ್ಪಟ್ಟಾಗುತ್ತದೆ. ಸಾಮಾನ್ಯ ಸಿಓ ನಕ್ಷೆಯನ್ನು ಎಸೆಯಲಿಲ್ಲ. ಹೊರ ಪದರದ ತಾಪ, ಮೋಡ ಎಲ್ಲಿಯವರೆಗೆ ಹರಡಿದೆ ಎಂಬುದಕ್ಕೆ ಅದೇ ಒಳ್ಳೆಯ ಸಾಕ್ಷಿ. ಹಳೇ ಆಫ್ ಜಾಗದಲ್ಲಿ ಸಿಕ್ಕ ತೆಳು ಅನಿಲ ಕೂಡ ಒಂದು ಫಲಿತಾಂಶವಾಯಿತು: ಮೋಡದ ಸೆರಗು ಫೋಟೋದಲ್ಲಿ ಕಾಣುವುದಕ್ಕಿಂತ ತುಂಬಾ ಅಗಲ.

ಒಂದು ವಿಷಯದಲ್ಲಿ ಅವರು ಇನ್ನೂ ಸ್ವಲ್ಪ ಮುಂದೆ ಹೋಗಬಹುದಿತ್ತು ಎಂದು ನನ್ನ ಅಭಿಪ್ರಾಯ. ಗುಂಡಿಯ ಆಳದಿಂದ ಮೋಡದ ವಯಸ್ಸು ಹೇಳುವ ಆಸೆ ಎಲ್ಲರಿಗೂ ಇರುತ್ತದೆ, ತಂಡ ಅದನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿತು. ಕಾರಣ ವಿವರಿಸಿದ್ದರೆ ಓದುಗರಿಗೆ ಒಳ್ಳೆಯದಿತ್ತು. ಕಾಸ್ಮಿಕ್ ಕಿರಣಗಳು ದೂಳಿನ ಕಣಗಳನ್ನು ಆಗಾಗ ಬಿಸಿ ಮಾಡಿ ಒಂದಿಷ್ಟು ಸಿಓವನ್ನು ಮರಳಿ ಅನಿಲಕ್ಕೆ ಬಿಡುತ್ತವೆ. ಅದೂ ಅಲ್ಲದೆ ನಾವು ನೋಡುವುದು ಮೋಡದ ಮುಂದಿನ ಪದರ, ನಡು, ಹಿಂದಿನ ಪದರ ಎಲ್ಲವೂ ಸೇರಿದ ಮೊತ್ತವನ್ನು. ಹೊರ ಪದರಗಳಲ್ಲಿ ಸಿಓ ಹೇರಳವಾಗಿದೆ. ಹಾಗಾಗಿ ಕಾಣುವ ಗುಂಡಿ ನಿಜವಾದ ಗುಂಡಿಗಿಂತ ಯಾವಾಗಲೂ ಕಡಿಮೆ ಆಳ.

ಉಳಿದ ಪ್ರಶ್ನೆ ಆ ಗುಂಡಿಯ ಅಂಚು ಎಷ್ಟು ಚೂಪು ಎಂಬುದು. ಒಂಟಿ ಟೆಲಿಸ್ಕೋಪಿನ ಬೀಮ್‌ಗೆ ಅದು ಸಿಗುವುದಿಲ್ಲ. ತಂಡ ಈಗ ಹಲವು ತಟ್ಟೆಗಳನ್ನು ಜೋಡಿಸಿದ ಇಂಟರ್‌ಫೆರೋಮೀಟರ್‌ಗೆ ಅರ್ಜಿ ಹಾಕಿದೆ. ಆದರೆ ಇಂಟರ್‌ಫೆರೋಮೀಟರ್ ತೀರಾ ಹರಡಿದ ಹೊಳಪನ್ನು ಕಾಣುವುದೇ ಇಲ್ಲ. ಎರಡು ತಟ್ಟೆಗಳ ನಡುವಿನ ಅತಿ ಕಡಿಮೆ ಅಂತರಕ್ಕಿಂತ ಹತ್ತಿರದ ಅಳತೆ ಅದರ ಬಳಿ ಇರುವುದಿಲ್ಲ, ಚಿತ್ರದಲ್ಲಿ ದೊಡ್ಡ ರಚನೆಗಳ ಸುತ್ತ ಸುಳ್ಳು ಋಣ ಬಟ್ಟಲುಗಳು ಮೂಡುತ್ತವೆ. ಸಿ18ಓ ಉಂಗುರದಂಥ ಆಕಾರದ ಒಳಗೆ ಅಂಥ ಬಟ್ಟಲು ಕೂತರೆ ಅದನ್ನು ಹೆಪ್ಪುಗಟ್ಟಿದ ಜಾಗದಿಂದ ಬೇರೆ ಮಾಡುವುದು ಹೇಗೆ? ಅದಕ್ಕಾಗಿ ಅದೇ ಗೆರೆಯಲ್ಲಿ, ಅದೇ ಪ್ರದೇಶಕ್ಕೆ ಒಂಟಿ ಟೆಲಿಸ್ಕೋಪಿನ ನಕ್ಷೆಯನ್ನೂ ಅರ್ಜಿಯಲ್ಲಿ ಸೇರಿಸಿ ಕೇಳಿದ್ದಾರೆ. ಒಂಟಿ ಟೆಲಿಸ್ಕೋಪಿನ ಸಮಯ ಸಿಗದಿದ್ದರೆ ಇಂಟರ್‌ಫೆರೋಮೀಟರ್ ಸಮಯವೂ ಬೇಡ ಎಂದು ಬರೆದಿದ್ದಾರೆ.